ಒಬ್ವೋನಜ್ಜನ ಕಹಿಬೇರು

ಮೊನ್ನೆ ತೀರಿಕೊಂಡ ಒಬ್ವೋನಜ್ಜ, ಯುದ್ಧ ಮುಗಿದ ಮೇಲೆ ಅಚೋಲಿ ಸೀಮೆಯ ನಮ್ಮೂರಿನಲ್ಲಿ ಕೊಂದವನಿಗೂ ಸತ್ತವನ ಮನೆಯವರಿಗೂ ಒಂದೇ ಸೋರೆಬುರುಡೆಯಿಂದ ಓಪುತ್ ಬೇರಿನ ಕಹಿರಸ ಕುಡಿಸಿ ರಾಜಿ ಮಾಡಿಸುತ್ತಿದ್ದ. ಬೇರನ್ನು ತಾನೇ ಅಗೆದು, ತಾನೇ ಕುಟ್ಟಿ, ರುಚಿ ನೋಡಿ, "ಇದೇನು ಹಾಲಾ?" ಎಂದು ಇನ್ನೊಂದು ಹಿಡಿ ಹಾಕುತ್ತಿದ್ದ. "ಹಳೇದೆಲ್ಲ ಯಾಕಜ್ಜಾ, ಶಾಂತಿಯಾದ್ರೆ ಸಾಕು" ಎಂದವರಿಗೆ, "ಮೊದ್ಲು ಬಾಯಿಬಿಡು, ಆಮೇಲೆ ತಲೆ ಬಗ್ಸು" ಎನ್ನುತ್ತಿದ್ದ. ಯಾರನ್ನು, ಎಲ್ಲಿ ಕೊಂದೆನೆಂದು ಪೂರ್ತಿ ಹೇಳದವನನ್ನು ಬುರುಡೆಯ ಹತ್ತಿರ ಸುಳಿಯಲೂ ಬಿಡುತ್ತಿರಲಿಲ್ಲ. ಹೇಳಿದ ಮೇಲೆ ಇಬ್ಬರೂ ಬೆನ್ನ ಹಿಂದೆ ಕೈ ಕಟ್ಟಿ, ಹಣೆಗೆ ಹಣೆ ಹಚ್ಚಿ ಕುಡಿಯಬೇಕು. ಯಾರಾದರೂ ಮುಖ ಕಿವುಚಿದರೆ ಅಜ್ಜನ ಕೋಲು ಮೇಲೇಳುತ್ತಿತ್ತು: "ಏನಯ್ಯಾ, ಬಂದೂಕು ಹಿಡಿದಾಗ ಈ ಮುಖ ಎಲ್ಲಿಟ್ಟಿದ್ದೆ?" ಒಮ್ಮೆ ಯಾರೋ ಕದ್ದು ಜೇನು ಬೆರೆಸಿದ್ದಕ್ಕೆ ಇಡೀ ಶಾಸ್ತ್ರವನ್ನೇ ಮತ್ತೆ ಮಾಡಿಸಿದ. ಹೆಂಡತಿ ಅಚಿರೊ ಗೊಣಗುತ್ತಿದ್ದಳು: "ಊರೋರಿಗೆಲ್ಲ ಕುಡಿಸ್ತೀಯ, ನಮ್ ಮಗನ್ನ ಕೊಂದೋನು ಯಾವಾಗ ಬರ್ತಾನೆ?" "ಬರ್ತಾನೆ ಕಣೇ" ಎಂದು ಅಜ್ಜ ಸೂರಿನಲ್ಲಿ ಸಿಕ್ಕಿಸಿಟ್ಟಿದ್ದ ಬೇರಿನ ಕಟ್ಟು ತೋರಿಸುತ್ತಿದ್ದ. ಅದು ಹನ್ನೊಂದು ವರ್ಷ ಅಲ್ಲೇ ಇತ್ತು. ಕಳೆದ ಬೇಸಿಗೆಯಲ್ಲಿ ಪಕ್ಕದೂರಿನ ಲಬೇಜ ಬಂದು, ಮಗನನ್ನು ಕೊಂದು ಯಾವ ಹುಣಸೆಮರದ ಬುಡದಲ್ಲಿ ಹೂತೆನೆಂದು ಹೇಳಿದ. ಅಜ್ಜ ಸೂರಿನ ಕಟ್ಟನ್ನಿಳಿಸಿ ಬೇರು ಕುಟ್ಟಿ, ಅವನ ಹಣೆಗೆ ಹಣೆ ಹಚ್ಚಿ ಕುಡಿದ. ಅಜ್ಜನ ಮುಖ ಎಳೆಮಗುವಿನ ಮುಖದಂತೆ ಕಿವುಚಿಹೋಯಿತು. ಅಚಿರೊ ಅತ್ತುಕೊಂಡೇ ಕೋಲೆತ್ತಿದಳು: "ಮುಖ ಸರಿ ಮಾಡ್ಕೋ, ಮುದುಕಾ!" "ಹಳೇ ಬೇರಲ್ವೇನೇ, ಕಹಿ ಏರ್ಬಿಟ್ಟಿದೆ" ಎಂದ ಅಜ್ಜ, ಎರಡನೆಯ ಗುಟುಕಿಗೆ ಬಗ್ಗಿದ.