ನಾನು ಬೆರೆಸದ ಚಿಮಣಿ ಎಣ್ಣೆ

ಎಂಬತ್ತರ ದಶಕದ ಕೊನೆಯ ವರ್ಷಗಳಲ್ಲಿ ನಾನು ಕುಮಟೆಯ ಒಬ್ಬ ಅಡಿಕೆ ವ್ಯಾಪಾರಿಯ ಬಳಿ ಡ್ರೈವರ್ ಆಗಿದ್ದೆ. ಅಘನಾಶಿನಿ ಹೊಳೆಯಲ್ಲಿ ಅಪ್ಪನ ಜೊತೆ ದೋಣಿಗೆ ಹೋಗುವುದು ಬಿಟ್ಟು, ಲಾರಿ ಓಡಿಸಿ, ಕಡೆಗೆ ಕಾರಿಗೆ ಬಂದವನು. ಆ ವ್ಯಾಪಾರಿ ಸಾಹುಕಾರರಿಗೆ ಪರದೇಶದಲ್ಲಿದ್ದ ಅವರ ಅಳಿಯ ಹಡಗಿನಲ್ಲಿ ಕಳಿಸಿಕೊಟ್ಟ ಜಪಾನಿ ಕಾರು ಅದು.

ಮೊದಲ ಸಲ ಪೆಟ್ರೋಲ್ ಹಾಕಿಸಲು ಹೋದಾಗ ಬಂಕಿನ ನಳಿಕೆ ಟಾಂಕಿಯ ಬಾಯೊಳಗೆ ಹೋಗಲೇ ಇಲ್ಲ; ಬಾಯಿಗೆ ಅಡ್ಡವಾಗಿ ಕಿರುತೂತಿನ ತಗಡೊಂದಿತ್ತು. ಮುಚ್ಚಳದ ಒಳಗೆ ಇಂಗ್ಲಿಷಿನ ಒಂದು ಚೀಟಿ ಅಂಟಿಸಿತ್ತು. ನನಗೆ ಇಂಗ್ಲಿಷ್ ಬಾರದು. ಸಾಹುಕಾರರಿಗೆ ಬರುತ್ತಿತ್ತು, ಓದಿಯೂ ಓದಿದರು.

"ಎಂತ ಬರ್ದಿದ್ರು, ಸಾವ್ಕಾರ್ರೆ?"

"ಕಂಪನಿಯವರ ಅಧಿಕಪ್ರಸಂಗ. ಆ ಬಾಯಿ ತಗಡು ಹೊಡ್ದು ತೆಗ್ಸು."

ತೆಗೆಸಿದೆ. ಕೆಲವು ತಿಂಗಳು ಕಾರು ಚೆನ್ನಾಗಿಯೇ ಓಡಿತು. ಆಮೇಲೆ ಏರು ಬಂದರೆ ಸಾಕು, ಏದುಸಿರು. ಎಷ್ಟು ತುಳಿದರೂ ವೇಗ ಏರದು, ಕಾಲಡಿಯ ತಗಡು ಮಾತ್ರ ಕಾವಲಿಯಂತೆ ಸುಡುವುದು. ಸಾಹುಕಾರರಿಗೆ ಹೇಳಿದೆ. ಕೇಳಿಸಿಕೊಳ್ಳಲಿಲ್ಲ.

ಒಂದು ದಿನ ಸಂತೆಗುಳಿಯ ಹಿರಿಯ ಬೆಳೆಗಾರರೊಬ್ಬರನ್ನು ಕೂರಿಸಿಕೊಂಡು ಅವರ ಊರಿಗೆ ಹೊರಟಿದ್ದೆವು. ಏರಿನ ನಡುವೆ ಕಾರು ನಿಂತೇಬಿಟ್ಟಿತು. ಸಾಹುಕಾರರು ಇಳಿದು ಬಂದು, ಸೀಮೆಎಣ್ಣೆಯ ವಾಸನೆ ಹುಡುಕುವವರಂತೆ ನನ್ನ ಅಂಗಿಯ ತೋಳು ಎಳೆದು ಮೂಸಿದರು.

"ಪೆಟ್ರೋಲ್ ಮಾರಿ ಚಿಮಣಿ ಎಣ್ಣೆ ಬೆರೆಸ್ದೆ, ಹೌದಲ್ಲ? ಕಳ್ಳ! ಮೀನು ಹಿಡಿಯೋನ ಕೈಗೆ ಕಾರು ಕೊಟ್ಟದ್ದು ನನ್ನ ತಪ್ಪು."

"ದೇವರಾಣೆ ಇಲ್ಲ" ಎಂದೆ. ಕೀಲಿಕೈ ಕಸಿದುಕೊಂಡರು. ಹಿರಿಯರು ಕಾರಿನೊಳಗೆ ತಲೆ ತಗ್ಗಿಸಿ ಕೂತಿದ್ದರು.

ಸುದ್ದಿ ನನಗಿಂತ ಮೊದಲು ಊರು ಮುಟ್ಟಿತು. ಕುಮಟೆಯಲ್ಲಿ, ಹೊನ್ನಾವರದಲ್ಲಿ ಯಾರೂ ನನಗೆ ಗಾಡಿ ಕೊಡಲಿಲ್ಲ. ಮತ್ತೆ ದೋಣಿಗೆ ಹೋದೆ. ಬಲೆಯನ್ನು ಹರಿಯುವಷ್ಟು ಜೋರಾಗಿ ಎಳೆಯುತ್ತಿದ್ದೆ. ನಾಚಿಕೆಗಿಂತ ಸಿಟ್ಟೇ ಹೆಚ್ಚಿತ್ತು.

ಎರಡು ತಿಂಗಳ ಮೇಲೆ ಭಟ್ಕಳದ ಮೆಕ್ಯಾನಿಕ್ ಒಬ್ಬ ಬರಹೇಳಿ ಕಳಿಸಿದ. ಲಾರಿ ದಿನಗಳ ಗೆಳೆಯ, ಗಲ್ಫಿನ ಗ್ಯಾರೇಜುಗಳಲ್ಲಿ ದುಡಿದು ಬಂದವನು. ಹೋದರೆ ಅದೇ ಕಾರು ಅಲ್ಲಿತ್ತು, ಸಾಹುಕಾರರು ಕುರ್ಚಿಯಲ್ಲಿದ್ದರು. ಗೆಳೆಯ ಹೊಗೆಕೊಳವೆಯ ನಡುವಿನ ಪೆಟ್ಟಿಗೆಯೊಂದನ್ನು ಕತ್ತರಿಸಿ ತೆಗೆದಿದ್ದ. ಒಳಗೆ ಜೇನುಹುಟ್ಟಿನಂಥ ಸಣ್ಣ ತೂತುಗಳ ಇಟ್ಟಿಗೆ. ತೂತುಗಳೆಲ್ಲ ಬೂದು ಬಣ್ಣದ ಕಿಟ್ಟದಿಂದ ಮುಚ್ಚಿಹೋಗಿದ್ದವು.

"ಹೊಗೆಯ ವಿಷ ಸುಡೋ ಪೆಟ್ಟಿಗೆ ಇದು. ಸೀಸ ಇಲ್ಲದ ಪೆಟ್ರೋಲೇ ಬೇಕು ಇದಕ್ಕೆ, ಚೀಟಿಯಲ್ಲಿ ಬರೆದದ್ದೂ ಅದೇ, ಟಾಂಕಿ ಬಾಯಿಗೆ ತಗಡು ಇಟ್ಟದ್ದೂ ಅದಕ್ಕೇ. ನಮ್ಮ ಪೆಟ್ರೋಲಿನಲ್ಲಿ ಸೀಸ ಉಂಟು. ಅದು ಕೂತು ಕೂತು ದಾರಿ ಕಟ್ಟಿದೆ. ಹೊಗೆ ಹೊರಗೆ ಹೋಗದೆ ಇಂಜಿನ್ ಎಳೆಯೋದು ಹೇಗೆ? ಇವನದು ಎಂತ ತಪ್ಪೂ ಇಲ್ಲ" ಎಂದ ಗೆಳೆಯ.

"ಪೆಟ್ಟಿಗೆ ಬಿಸಾಕು, ಬರೀ ಪೈಪ್ ಕೂರ್ಸು" ಎಂದರು ಸಾಹುಕಾರರು.

"ಎಳೆತ ಬರ್ತದೆ. ಆದ್ರೆ ವಿಷವೂ ಹಾಗೇ ಹೊರಗೆ ಬರ್ತದೆ."

"ಹೊಗೆ ಹಿಂದೆ ಬರೋರಿಗೆ. ಒಳಗೆ ಕೂತ ನಮಗೆ ಎಂತ ಆಗ್ತದೆ?" ನನ್ನತ್ತ ತಿರುಗಿ, "ನಾಳೆಯಿಂದ ಬಾ, ಆತಾ?" ಎಂದರು.

ತಪ್ಪಾಯಿತು ಎಂಬ ಒಂದು ಮಾತಿಲ್ಲ. ನಾನು ಅವರ ಕುರ್ಚಿಯ ಎದುರಿಗೆ ಹೋಗಿ ನಿಂತೆ.

"ಸಂತೆಗುಳಿ ಹಿರಿಯರ ಎದುರಿಗೆ ಕಳ್ಳ ಅಂದ್ರಲ್ಲ, ಅವರ ಎದುರಿಗೇ ಅಲ್ಲ ಅನ್ನಿ. ಆಮೇಲೆ ಬರ್ತೆ."

ಅವರು ನಕ್ಕರು. ಪೈಪ್ ಕೂರಿಸಿದ್ದೇ ಕಾರು ಗುಡುಗಿ ಹೊರಟಿತು. ಶೆಡ್ಡಿನ ತುಂಬ ಕಣ್ಣುರಿಸುವ ಹೊಗೆ, ನಾವಿಬ್ಬರೂ ಕೆಮ್ಮುತ್ತ ಹೊರಗೆ ಓಡಿದೆವು.

ಮರುದಿನ ಆ ಇಟ್ಟಿಗೆಯನ್ನು ಪೇಪರಿನಲ್ಲಿ ಸುತ್ತಿಕೊಂಡು ಬಸ್ಸಿನಲ್ಲಿ ಸಂತೆಗುಳಿಗೆ ಹೋದೆ. ಹಿರಿಯರ ಎದುರು ಬಿಚ್ಚಿಟ್ಟು ಎಲ್ಲ ಹೇಳಿದೆ. ಅವರು ಇಟ್ಟಿಗೆಯನ್ನು ಬೆಳಕಿಗೆ ಹಿಡಿದು ಮುಚ್ಚಿದ ತೂತುಗಳನ್ನು ನೋಡಿದರು.

"ಆನು ಅವತ್ತೇ ಒಂದು ಮಾತು ಹೇಳಕಾಗಿತ್ತು. ಹೇಳಿದ್ನಿಲ್ಲೆ" ಎಂದು, ಅಂದು ನನ್ನ ಪರವಾಗಿ ಬಾಯಿ ಬಿಡದ್ದಕ್ಕೆ ನೊಂದುಕೊಂಡರು.

ಆ ವಾರವೇ ತಮ್ಮ ಮನೆಯ ಜೀಪನ್ನು ನನ್ನ ಕೈಗೆ ಕೊಟ್ಟರು. ಅದನ್ನು ಬಹಳ ವರ್ಷ ಓಡಿಸಿದೆ. ದಾರಿಯಲ್ಲಿ ಸಾಹುಕಾರರ ಕಾರು ಎದುರಾದಾಗಲೆಲ್ಲ ಬದಿಗೆ ಸರಿದು ದಾರಿ ಬಿಡುತ್ತಿದ್ದೆ. ನಮಸ್ಕಾರ ಮಾತ್ರ ಒಮ್ಮೆಯೂ ಮಾಡಲಿಲ್ಲ.