ಮಾರ್ಲಿಸ್ ಹದ ಮಾಡಿದ ಮಣ್ಣು

ಬೆಳಗಿನ ಐದೂಕಾಲು. ಅಯೋವಾದ ವೆಲ್ಡನ್ ಕ್ರೀಕ್ ಇನ್ನೂ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಿದೆ. ಊರಾಚೆಯ ಕಾರ್ ರೇಸ್ ಟ್ರ್ಯಾಕಿನ ಎರಡನೇ ತಿರುವಿನಲ್ಲಿ ಒಬ್ಬ ಹೆಂಗಸು ಮೊಣಕಾಲೂರಿ ಜೇಡಿಮಣ್ಣನ್ನು ಮುಷ್ಟಿಯಲ್ಲಿ ಹಿಸುಕುತ್ತಿದ್ದಾರೆ. ಮುಷ್ಟಿ ಬಿಚ್ಚಿ, ಉಂಡೆಯನ್ನು ಹೆಬ್ಬೆರಳಿನಿಂದ ಒತ್ತುತ್ತಾರೆ. ಎರಡು ಹೋಳಾದರೆ ಹದ ಬಂದಿದೆ ಎಂದರ್ಥ. ಬೆರಳಿಗೆ ಅಂಟಿದರೆ ನೀರು ಹೆಚ್ಚು, ಪುಡಿಯಾದರೆ ಕಮ್ಮಿ. ಇವತ್ತು ಪುಡಿಯಾಗಿದೆ.

"ರಾತ್ರಿಯೆಲ್ಲಾ ಗಾಳಿ ಬೀಸಿ ಇದ್ದ ಪಸೆನೂ ಹೋಗಿದೆ," ಎನ್ನುತ್ತ ಮಾರ್ಲಿಸ್ ಹವ್ಲಿಕ್ ನೀರಿನ ಲಾರಿ ಹತ್ತಿ, ಪತ್ರಿಕೆಗೆ ಬರೆಯಲು ಬಂದಿರುವ ನನ್ನತ್ತ ತಿರುಗುತ್ತಾರೆ. "ನೀನೇನು ಅಲ್ಲೇ ನಿಂತೆ? ಹತ್ತು. ಪೇಪರಿನವರಿಗೆ ಕಾಲು ಒದ್ದೆಯಾದ್ರೆ ನೆಗಡಿ ಬರುತ್ತಂತೆ."

ಮಾರ್ಲಿಸ್‌ಗೆ ಅರವತ್ತೊಂದು ವರ್ಷ. ಅರ್ಧ ಮೈಲಿಯ ಈ ಮಣ್ಣಿನ ಟ್ರ್ಯಾಕನ್ನು ಇಪ್ಪತ್ತೇಳು ವರ್ಷದಿಂದ ಹದ ಮಾಡುತ್ತಿರುವುದು ಇವರೇ. ರೇಸಿನ ದಿನ ಹದಿನಾಲ್ಕು ಲಾರಿ ನೀರು, ಮೂರು ಸಲ ಹರಗುವುದು, ಎರಡು ಸಲ ಮಟ್ಟ ಮಾಡುವುದು. ವಾರದ ದಿನಗಳಲ್ಲಿ ಶಾಲೆಯ ಬಸ್ಸು ಓಡಿಸುತ್ತಾರೆ. ಇಲ್ಲಿ ಗೆದ್ದವರ ಫೋಟೋ ಊರಿನ ಅಂಗಡಿ ಅಂಗಡಿಯಲ್ಲಿದೆ. ಮಾರ್ಲಿಸ್ ಅವರ ಫೋಟೋ ನಾನು ನೋಡಿರುವುದು ಅವರ ಡ್ರೈವಿಂಗ್ ಲೈಸೆನ್ಸಿನಲ್ಲಿ ಮಾತ್ರ.

ಇವತ್ತು ಶನಿವಾರ, ಸಂಜೆ ಇಲ್ಲಿನ ಕೊನೆಯ ರೇಸ್. ಹಳೆಯ ಯಜಮಾನರು ತೀರಿಕೊಂಡ ಮೇಲೆ ಮಕ್ಕಳು ಜಾಗವನ್ನು ಗೋದಾಮು ಕಟ್ಟುವವರಿಗೆ ಮಾರಿದ್ದಾರೆ. ಟ್ರ್ಯಾಕ್ ಮುಚ್ಚಿದರೆ ಏನು ಮಹಾ ಎನ್ನುವವರು ನಮ್ಮೂರಿನಲ್ಲಿ ಒಂದು ಶನಿವಾರ ಕಳೆಯಬೇಕು. ಒಂಬೈನೂರು ಜನರ ಊರಿಗೆ ಅವತ್ತು ಮೂರು ಸಾವಿರ ಜನ ಬರುತ್ತಾರೆ. ಚರ್ಚಿನ ಹೆಂಗಸರು ಟ್ರ್ಯಾಕಿನಲ್ಲಿ ಮನೆಯಲ್ಲಿ ಬೇಯಿಸಿದ ಹಣ್ಣಿನ ಪೈ ಮಾರಿ ಮಾರಿಯೇ ಊರಿಗೊಂದು ಆಂಬುಲೆನ್ಸ್ ತಂದರು. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಶನಿವಾರ ಮದುವೆಯೇ ಇಲ್ಲ. ಯಾಕೆಂದರೆ ಪಾದ್ರಿ ಸಿಗುವುದಿಲ್ಲ, ಅವರು ಟ್ರ್ಯಾಕಿನಲ್ಲಿ ಬಾವುಟ ಬೀಸುತ್ತಿರುತ್ತಾರೆ. ನನ್ನ ಮದುವೆಯೂ ಶುಕ್ರವಾರವೇ ಆಗಿದ್ದು.

ಮಾರ್ಲಿಸ್ ಒಮ್ಮೆ ಸರಿಯಾಗಿಯೇ ಎಡವಿದ್ದಾರೆ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಬಿಸಿಲಿಗೆ ಹೆದರಿ ಆರು ಲಾರಿ ನೀರು ಹೆಚ್ಚಿಗೆ ಹೊಯ್ದರು. ಟ್ರ್ಯಾಕ್ ಕೆಸರುಗದ್ದೆಯಾಯಿತು. ಒದ್ದೆ ಮಣ್ಣು ಗಟ್ಟಿಯಾಗಬೇಕಾದರೆ ಚಕ್ರ ಹಾಯಿಸಿ ತುಳಿಸದೆ ಬೇರೆ ದಾರಿಯಿಲ್ಲ. ಊರವರೆಲ್ಲ ತಂತಮ್ಮ ವಾಹನ ತಂದು ಎರಡು ಗಂಟೆ ಸುತ್ತಿದರು. ಪಿಕಪ್ಪುಗಳು ಬಂದವು, ಶಾಲೆಯ ಬಸ್ಸು ಬಂತು, ಸಾಲದ್ದಕ್ಕೆ ಶವ ಒಯ್ಯುವ ಕರಿ ಕಾರೂ ಬಂತು.

"ಕಾರು ಖಾಲಿಯಿತ್ತು ಕಣಪ್ಪ, ಅದನ್ನೂ ಬರ್ಕೋ," ಎನ್ನುತ್ತಾರೆ ಮಾರ್ಲಿಸ್. "ಅವತ್ತು ಒಬ್ಬರೂ ಬೈಲಿಲ್ಲ. ಬೈದಿದ್ರೆ ಮಾರನೇ ದಿನವೇ ಬಿಟ್ಟು ಹೋಗ್ತಿದ್ದೆ."

ಈಗ ಅವರನ್ನು ಕಾಡುತ್ತಿರುವುದು ಈ ಮಣ್ಣಿನ ಗತಿ. ಟ್ರ್ಯಾಕ್ ಶುರುವಾದಾಗ ಇಲ್ಲಿದ್ದದ್ದು ಬರೀ ಮರಳು. ಸುತ್ತಲಿನ ರೈತರು ಹಳ್ಳದ ದಡದಿಂದ ಟ್ರ್ಯಾಕ್ಟರಿನಲ್ಲಿ ಜೇಡಿ ಹೇರಿ ತಂದು ಸುರಿದರು. ಮಾರ್ಲಿಸ್ ಅವರ ಅಪ್ಪನೂ ತಂದರು. ಗೋದಾಮಿನವರು ಅದನ್ನೆಲ್ಲ ಕೆರೆದು ಗುಂಡಿಗೆ ತುಂಬುವವರಿದ್ದರು. ಮಾರ್ಲಿಸ್ ಒಬ್ಬರೇ ಹೋಗಿ ಅವರ ಮೇಜಿನ ಮುಂದೆ ಕೂತರು. ಸೋಮವಾರ ಮಧ್ಯಾಹ್ನದೊಳಗೆ ಎಷ್ಟು ಸಾಗಿಸುತ್ತೀರೋ ಅಷ್ಟು ನಿಮ್ಮದು ಎಂಬ ಮಾತು ಪಡೆದೇ ಎದ್ದರು.

ಸಾಗಿಸುವುದೆಲ್ಲಿಗೆ? ನಲವತ್ತು ಮೈಲಿ ದೂರದ ಬ್ರಾಂಟ್‌ನಲ್ಲೊಂದು ಟ್ರ್ಯಾಕ್ ಇದೆ. ಅಲ್ಲಿ ಧೂಳು ಕಣ್ಣು ಬಿಡಗೊಡುವುದಿಲ್ಲ. ನಾವು ಅವರನ್ನು 'ಹಿಟ್ಟಿನ ಗಿರಣಿ' ಎಂದು ಹಂಗಿಸಿದರೆ ಅವರು ನಮ್ಮನ್ನು 'ಕೆಸರು ಕಪ್ಪೆ' ಎನ್ನುತ್ತಾರೆ. ಮಾರ್ಲಿಸ್ ಅಲ್ಲಿಗೇ ಫೋನ್ ಮಾಡಿದರು.

ಹಾರ್ಡ್‌ವೇರ್ ಅಂಗಡಿಯ ಲೈಲ್‌ಗೆ ಇದು ಸರಿಬರಲಿಲ್ಲ. "ನಮ್ಮಪ್ಪಂದಿರು ಹೊತ್ತ ಮಣ್ಣನ್ನ ಆ ಬ್ರಾಂಟ್‌ನೋರಿಗೆ ಕೊಡ್ತೀಯಾ? ನಿನಗೇನು ತಲೆ ಕೆಟ್ಟಿದೆಯಾ?" ಎಂದು ಅಂಗಡಿಯಲ್ಲೇ ಕೇಳಿದ.

"ಗೋದಾಮಿನ ಕೆಳಗೆ ಹೂತುಹೋದ್ರೆ ನಿನಗೆ ಸಮಾಧಾನಾನಾ?" ಎಂದು ಮಾರ್ಲಿಸ್ ಕೇಳಿದರು.

ಲೈಲ್ ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೇ ದಿನ ಬಂದು ಎರಡು ಟಿಪ್ಪರ್ ಲಾರಿ ಕಳಿಸುತ್ತೇನೆ ಎಂದ. ಅವನನ್ನು ನೋಡಿ ಉಳಿದವರೂ ಒಪ್ಪಿದರು. ನಾಳೆ ಬೆಳಿಗ್ಗೆ ಮೂವತ್ತೊಂದು ಲಾರಿ ಬರುತ್ತವೆ. ಈ ಊರಿನವನೆಂದು ಹೇಳಿಕೊಳ್ಳಲು ನನಗೆ ಇವತ್ತಿನಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.

ಸಂಜೆ ನಾಲ್ಕಕ್ಕೆ ಬ್ರಾಂಟ್ ಟ್ರ್ಯಾಕಿನ ಉಸ್ತುವಾರಿ ಡೆಲ್ಬರ್ಟ್ ಕ್ರೂಸ್ ಮಣ್ಣು ನೋಡಲು ಬರುತ್ತಾನೆ. ಬಗ್ಗಿ ಒಂದು ಹಿಡಿ ತೆಗೆದು ಹಿಸುಕಿ, ಒತ್ತುತ್ತಾನೆ. ಉಂಡೆ ಎರಡು ಹೋಳಾಗುತ್ತದೆ. ಡೆಲ್ಬರ್ಟ್ ಟೋಪಿ ತೆಗೆಯುತ್ತಾನೆ.

"ಇಷ್ಟು ವರ್ಷ ನಿನ್ನನ್ನ ಸುಮ್ನೆ ಆಡ್ಕೊಂಡೆ ಮಾರ್ಲಿಸ್," ಎನ್ನುತ್ತಾನೆ. "ಮಣ್ಣಿನ ಜೊತೆ ನೀನೂ ಬಂದುಬಿಡು. ನೀರಿನ ಲಾರಿ ಕೀಲಿ ನಿನಗೇ ಕೊಡ್ತೀನಿ."

"ಕೀಲಿ ನಿನ್ನ ಹತ್ರಾನೇ ಇರ್ಲಿ. ಹದ ನೋಡೋದು ಕಲಿಸಿಕೊಡ್ತೀನಿ, ಆಮೇಲೆ ನೀನುಂಟು ಮಣ್ಣುಂಟು. ನನಗೊಂದು ಸೀಟು ಇಟ್ಟಿರು, ಸಾಕು. ಜನರ ಮಧ್ಯೆ ಕೂತು ಒಂದು ರೇಸ್ ಪೂರ್ತಿ ನೋಡ್ಬೇಕು."

ಇಪ್ಪತ್ತೇಳು ವರ್ಷದಲ್ಲಿ ಅವರು ಅದನ್ನೊಂದು ಮಾಡಿಲ್ಲ. ಕಾರುಗಳು ಓಡುವಷ್ಟು ಹೊತ್ತೂ ಟ್ರ್ಯಾಕಿನ ನಡುವಿನ ಅಂಗಳದಲ್ಲಿ, ಲಾರಿಯೊಳಗೆ, ಮುಂದಿನ ರೇಸಿಗೆ ನೀರು ಹಾಕಲು ಕಾದಿರುತ್ತಾರೆ. ಅಲ್ಲಿಂದ ಅರ್ಧ ಟ್ರ್ಯಾಕೂ ಕಾಣುವುದಿಲ್ಲ.

"ಯಾವ ಸಾಲಲ್ಲಿ ಇಡಲಿ?" ಎಂದು ಡೆಲ್ಬರ್ಟ್ ಕೇಳುತ್ತಾನೆ.

"ಮೊದಲನೇದು."

"ನಮ್ಮಲ್ಲಿ ಮೊದಲನೇ ಸಾಲಲ್ಲಿ ಯಾರೂ ಕೂರಲ್ಲ. ಧೂಳು ಮುಖಕ್ಕೇ ಬಂದು ಹೊಡೆಯುತ್ತೆ."

ಮಾರ್ಲಿಸ್ ನೀರಿನ ಲಾರಿ ಹತ್ತಿ ಬಾಗಿಲು ಎಳೆದುಕೊಳ್ಳುತ್ತಾರೆ. "ನಮ್ಮ ಮಣ್ಣು ಬಂದ್ಮೇಲೆ ಕೂರ್ತಾರೆ ಬಿಡು," ಎನ್ನುತ್ತಾರೆ. "ನಾನು ಬಿಳಿ ಅಂಗಿ ಹಾಕ್ಕೊಂಡೇ ಬರ್ತೀನಿ."