ಗಿರಿಯಪ್ಪನವರ ಕೆಂಪು ಚಿಂದಿ

ಗಿರಿಯಪ್ಪನವರ ಶರ್ಟಿನ ಜೇಬಿನಲ್ಲಿ ನಾನು ಪೆನ್ನು ನೋಡಿದ್ದೇ ಇಲ್ಲ. ಅಲ್ಲಿ ಯಾವಾಗಲೂ ಒಂದು ಹಿಡಿ ಕೆಂಪು ಬಟ್ಟೆಯ ಚಿಂದಿ ಇರುತ್ತಿತ್ತು. ಬೆರಳಗಲದ, ಗೇಣುದ್ದದ ಪಟ್ಟಿಗಳು. ಹೊಸಬರು ಅವರನ್ನು ಯಾವುದೋ ಕೆಲಸಕ್ಕೆ ಕಚೇರಿಗೆ ಬಂದ ಟೈಲರ್ ಅಂದುಕೊಳ್ಳುತ್ತಿದ್ದರು. ನಾನಂತೂ ಮೊದಲ ದಿನ, ಪಾಪ, ಇವರಿಗೆ ಮೂಗಿನಲ್ಲಿ ರಕ್ತ ಬರುವ ಕಾಯಿಲೆ ಇರಬೇಕು, ಅದಕ್ಕೇ ಕೆಂಪು ಬಟ್ಟೆ ಇಟ್ಟುಕೊಂಡಿದ್ದಾರೆ ಎಂದು ಮರುಕಪಟ್ಟಿದ್ದೆ.

ಅವರು ಮಧುಗಿರಿಯ ಒಂದು ಸರ್ಕಾರಿ ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅಟೆಂಡರ್ ಆಗಿದ್ದರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕು ತಾಲ್ಲೂಕಿನ ಹಳೆಯ ಕಾಗದವೆಲ್ಲ ಆ ಒಂದೇ ಕೋಣೆಯಲ್ಲಿ ಸೂರಿನ ತನಕ ಪೇರಿಸಿಕೊಂಡು ಕೂತಿತ್ತು. ಯಾರಾದರೂ ಬಂದು ಇಂಥ ಊರಿನ ಇಂಥ ಕಾಲದ ಕಾಗದ ಬೇಕು ಅಂದರೆ ಗಿರಿಯಪ್ಪನವರು ಅರ್ಧ ನಿಮಿಷ ಸುಮ್ಮನೆ ನಿಲ್ಲುತ್ತಿದ್ದರು. ಆಮೇಲೆ ಏಣಿ ಹತ್ತಿ, ಕೈ ಹಾಕಿ, ಎಳೆದರೆ ಅದೇ ಕಟ್ಟು. ಒಂದು ಸಲವೂ ಎರಡನೇ ಕಟ್ಟಿಗೆ ಕೈ ಹಾಕಿದ್ದನ್ನು ನಾನು ಕಾಣೆ. ದೇವರಾಣೆಗೂ ನನಗೆ ಮೈ ಜುಂ ಅನ್ನುತ್ತಿತ್ತು.

ಇಷ್ಟೆಲ್ಲ ಕಾಗದವನ್ನು ಬೇರೆಯವರಿಗೆ ಹುಡುಕಿಕೊಡುತ್ತಿದ್ದ ಆ ಮನುಷ್ಯ ಮೂವತ್ತು ವರ್ಷದಿಂದ ತನಗಾಗಿ ಒಂದೇ ಒಂದು ಕಾಗದ ಹುಡುಕುತ್ತಿದ್ದರು. ತಮ್ಮ ಅಕ್ಕನ ಹೆಸರಿರುವ ಕಾಗದ. ಅವಳು ತಮ್ಮ ಅಪ್ಪನ ಮಗಳು ಎಂದು ಎಲ್ಲಾದರೂ ಬರೆದಿರುವ ಒಂದು ಸಾಲು. ನನಗೆ ಇದು ತಿಳಿದದ್ದು ತಡವಾಗಿ, ಅದೂ ಒಂದು ದೊಡ್ಡ ತಪ್ಪು ಮಾಡಿದ ಮೇಲೆ. ನಿಮಗೆ ಮೊದಲೇ ಹೇಳಿಬಿಡುತ್ತಿದ್ದೇನೆ.

ನಾನು ಕೊರಟಗೆರೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಗುತ್ತಿಗೆ ಆಪರೇಟರ್. ಆ ಕೋಣೆಯ ಕಾಗದವನ್ನೆಲ್ಲ ಸ್ಕ್ಯಾನ್ ಮಾಡಿ, ಪ್ರತಿಯೊಂದಕ್ಕೂ ಊರು, ವರ್ಷ, ವಿಚಾರ ಎಂದು ನಾಲ್ಕೈದು ಟ್ಯಾಗ್ ಹಾಕುವುದು ನನ್ನ ಕೆಲಸ. ಮುಂದಿನದನ್ನು ಕಂಪ್ಯೂಟರಿನ ಪ್ರೋಗ್ರಾಮೇ ನೋಡಿಕೊಳ್ಳುತ್ತಿತ್ತು. ಆ ಟ್ಯಾಗುಗಳನ್ನು ಓದಿ, ಹಳೇ ಕೈಬರಹವನ್ನು ಅರೆಬರೆ ಗುರುತಿಸಿ, ಇದು ಜಮೀನಿನ ವಿಷಯ, ಇದು ಕೆರೆ ನೀರು, ಇದು ಕಾಡು, ಇದು ದನಕರು ಎಂದು ತಾನೇ ವಿಂಗಡಿಸಿ ಆಯಾ ಗುಂಪಿಗೆ ಸೇರಿಸುತ್ತಿತ್ತು. ಮೊದಲ ಸಲ ಒಂದು ರಾಶಿ ಕಾಗದ ಕಣ್ಣೆದುರಿಗೇ ಹಂಚಿಹೋದಾಗ ಗಿರಿಯಪ್ಪನವರು ಪರದೆಯ ಮುಂದೆ ಕೈಕಟ್ಟಿ ನಿಂತುಬಿಟ್ಟರು.

“ನನ್ನ ಒಂದು ವರ್ಷದ ಕೆಲ್ಸ ಕಣಮ್ಮ ಇದು. ಟೀ ಕುಡ್ಯೋ ಅಷ್ಟೊತ್ತಿಗೆ ಮಾಡ್ಬುಡ್ತಲ್ಲ,” ಅಂದರು. ಆಮೇಲೆ ಪರದೆಯ ಹತ್ತಿರ ಬಗ್ಗಿ ಕೇಳಿದರು: “ಒಂದ್ ಕಾಗ್ದಾನ ಒಂದೇ ಕಡೆ ಇಡ್ತದಾ?”

ಹೌದು, ಒಂದು ಕಾಗದಕ್ಕೆ ಒಂದು ಗುಂಪು, ಅದೇ ಅಚ್ಚುಕಟ್ಟು ಎಂದೆ. ಅವರು ತಲೆಯಾಡಿಸಲಿಲ್ಲ. “ಕಾಗ್ದಕ್ಕೂ ಹೆಣ್ಮಕ್ಳಂಗೆ ಎರಡು ಮನೆ ಇರ್ತವೆ ಕಣಮ್ಮ. ಒಂದು ತೌರ್ಮನೆ, ಒಂದು ಅತ್ತೆ ಮನೆ. ಬರ್ದೋನು ಒಂದು ಕಡೆ ಇಡ್ತಾನೆ, ಬೇಕಾದೋನು ಇನ್ನೊಂದು ಕಡೆ ಹುಡುಕ್ತಾನೆ,” ಅಂದರು. ನಾನು ಬಹಳ ಬುದ್ಧಿವಂತೆ ಎಂದು ಅಂದುಕೊಂಡಿದ್ದ ಕಾಲ ಅದು. ಹಳೇ ಕಾಲದವರ ಮಾತು ಎಂದು ನಕ್ಕುಬಿಟ್ಟೆ.

ಆಮೇಲೆ ಅವರು ಕಣ್ಣಿನ ಪೊರೆಯ ಆಪರೇಷನ್ನಿಗೆಂದು ಎರಡು ವಾರ ರಜೆ ಹಾಕಿದರು. ಆ ಎರಡು ವಾರದಲ್ಲಿ ನಾನು ಕೆಲಸ ಬೇಗ ಮುಗಿಸಬೇಕೆಂದು ಹುಚ್ಚು ಹಿಡಿದವಳ ಹಾಗೆ ದುಡಿದೆ. ಕೆಲವು ಕಾಗದಗಳ ಮೂಲೆಯಲ್ಲಿ ಕೆಂಪು ಚಿಂದಿ ಕಟ್ಟಿರುತ್ತಿತ್ತು. ಅದು ಸ್ಕ್ಯಾನರಿನ ಹಲ್ಲಿಗೆ ಸಿಕ್ಕಿಕೊಂಡು ಮೆಷಿನ್ ನಿಂತುಹೋಗುತ್ತಿತ್ತು. ಹುಳಿಯಾರಿನಿಂದ ತಂದ ಕತ್ತರಿಯೊಂದು ನನ್ನ ಹತ್ತಿರವಿತ್ತು. ಒಂದೊಂದನ್ನೂ ಕತ್ತರಿಸಿ ಚೀಲಕ್ಕೆ ತುಂಬಿದೆ. ಶನಿವಾರ ಕಸ ಗುಡಿಸುವಾಕೆ ಆ ಚೀಲವನ್ನು ಕಚೇರಿಯ ಹಿಂದೆ ಸುರಿದು ಬೆಂಕಿ ಹಾಕಿದಳು. ಕಟ್ಟಲು ದಾರ ಸಾಲದೆ ಬಟ್ಟೆ ಕಟ್ಟಿದ್ದಾರೆ ಎಂದೇ ನಾನು ತಿಳಿದಿದ್ದೆ. ಕೇಳುವ ವ್ಯವಧಾನ ಯಾರಿಗಿತ್ತು?

ಗಿರಿಯಪ್ಪನವರು ಕಪ್ಪು ಕನ್ನಡಕ ಹಾಕಿಕೊಂಡು ವಾಪಸ್ಸು ಬಂದ ದಿನವೇ ಪಾವಗಡದ ಕಡೆಯ ವಳ್ಳೂರಿನಿಂದ ಗಂಗಮ್ಮ ಅನ್ನುವ ಹೆಂಗಸು ಬಂದಳು. ಅವಳ ಊರಿನ ಜಮೀನೆಲ್ಲ ಸೋಲಾರ್ ಕರೆಂಟಿನ ಕಂಪನಿಗೆ ಹೋಗಿತ್ತು, ಹಣದಲ್ಲಿ ಪಾಲು ಸಿಗಬೇಕಾದರೆ ವಂಶವೃಕ್ಷದಲ್ಲಿ ಹೆಸರಿರಬೇಕಿತ್ತು. ಮನೆಯ ವಂಶವೃಕ್ಷದಲ್ಲಿ ಅಣ್ಣಂದಿರ ಹೆಸರಿತ್ತು, ಇವಳದಿರಲಿಲ್ಲ. ಮನೆಯಲ್ಲಿ ಹುಟ್ಟಿದವಳು, ಸ್ಕೂಲಿನ ಮುಖ ಕಂಡವಳಲ್ಲ, ಎಲ್ಲೂ ದಾಖಲೆಯಿಲ್ಲ. “ನಾ ಪೇರು ಎಲ್ಲಾದ್ರೂ ಐತಾ ನೋಡ್ರಿ ಸ್ವಾಮಿ,” ಎಂದು ಅವರ ಕಡೆಯ ತೆಲುಗು ಬೆರೆಸಿ ಕೇಳಿದಳು. ನಾನು ಜಂಬದಿಂದ ಪ್ರೋಗ್ರಾಮಿನಲ್ಲಿ ಕುಟುಂಬದ ಗುಂಪು ತೆರೆದೆ. ಇಲ್ಲ. ಜಮೀನಿನ ಗುಂಪು ತೆರೆದೆ. ಅಲ್ಲೂ ಇಲ್ಲ.

ಗಿರಿಯಪ್ಪನವರು ಅವಳನ್ನು ಕೂರಿಸಿ, ನೀರು ಕೊಟ್ಟು, ನೀನು ಚಿಕ್ಕವಳಿದ್ದಾಗ ಮನೆಯಲ್ಲಿ ಏನಾದರೂ ಅನಾಹುತ ನಡೆದಿತ್ತಾ ಎಂದು ಕೇಳಿದರು. ಅಮ್ಮನಿಗೆ ಕರಡಿ ಹೊಡೆದಿತ್ತು, ಅಪ್ಪ ಪರಿಹಾರಕ್ಕೆ ಅರ್ಜಿ ಕೊಟ್ಟಿದ್ದ ನೆನಪು ಎಂದಳು. ಅವರು ಎದ್ದು ಕಾಡಿನ ಕಟ್ಟುಗಳ ಹತ್ತಿರ ಹೋದರು. ಕಟ್ಟಿನ ಅಂಚಿನ ಮೇಲೆ ಬೆರಳಾಡಿಸಿದರು. ಬೆರಳು ಹೋಗಿ ಬಂದು ಹೋಗಿ ಬಂದು ನಿಂತಿತು. ನಾನು ಅವರ ಕೈ ತಡವರಿಸಿದ್ದನ್ನು ನೋಡಿದ್ದು ಅದೇ ಮೊದಲು.

“ಇದ್ರಾಗಿನ ಚಿಂದಿ ಎಲ್ಲೋಯ್ತಮ್ಮ?” ಅಂದರು.

ಕತ್ತರಿಸಿದ್ದನ್ನು ಹೇಳಿದೆ. ಸುಟ್ಟಿದ್ದನ್ನೂ ಹೇಳಿದೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವರು ಕಪ್ಪು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆಮೇಲೆ ನೆಲದಲ್ಲಿ ಕೂತು ಆ ಕಟ್ಟನ್ನು ಹಾಳೆ ಹಾಳೆಯಾಗಿ ಮಗುಚಿದರು. ಮಧ್ಯಾಹ್ನದ ಹೊತ್ತಿಗೆ ಸಿಕ್ಕಿತು. ‘ಜೊತೆಯಲ್ಲಿದ್ದ ಮಗಳು ಗಂಗಮ್ಮ, ಐದು ವರ್ಷ, ಈಕೆಗೂ ತೋಳಿಗೆ ಗಾಯ.’ ಗಂಗಮ್ಮ ಸೆರಗು ಸರಿಸಿ ತೋಳು ತೋರಿಸಿದಳು. ಗಾಯದ ಗುರುತು ಹಾಗೇ ಇತ್ತು. ನಾನು ಅಳುತ್ತಿದ್ದೆ, ಅವಳು ನನ್ನ ಬೆನ್ನು ಸವರುತ್ತಿದ್ದಳು.

ಸಂಜೆ ಗಿರಿಯಪ್ಪನವರು ಚಿಂದಿಯ ಕತೆ ಹೇಳಿದರು. ಯಾವ ವಿಚಾರದ ಕಾಗದವಾಗಲಿ, ಕಳ್ಳತನದ ದೂರೋ, ಕೆರೆ ಕೋಡಿಯ ಜಗಳವೋ, ಒಳಗೆ ಯಾವುದಾದರೂ ಮನೆಯ ಮಗಳ ಹೆಸರು ಕಂಡರೆ ಅವರು ಅದಕ್ಕೊಂದು ಕೆಂಪು ಚಿಂದಿ ಕಟ್ಟುತ್ತಿದ್ದರು. ಯಾರೂ ಹೇಳಿದ ಕೆಲಸವಲ್ಲ. ಯಾವ ರಿಜಿಸ್ಟರಿನಲ್ಲೂ ಇಲ್ಲದ ಕೆಲಸ. ಮೂವತ್ತು ವರ್ಷ ಊಟದ ಬಿಡುವಿನಲ್ಲಿ ಕೂತು ಓದಿ ಓದಿ ಕಟ್ಟಿದ್ದು.

ಅವರ ಊರು ಕೊಡಿಗೇನಹಳ್ಳಿಯ ಹತ್ತಿರ. ಅಮ್ಮ ಮೊದಲೇ ತೀರಿಕೊಂಡಿದ್ದಳು. ಇವರಿಗಿಂತ ಏಳು ವರ್ಷ ದೊಡ್ಡವಳಾದ ಅಕ್ಕ ಸಣ್ಣೀರಮ್ಮನೇ ಇವರನ್ನು ಎತ್ತಿ ಆಡಿಸಿದವಳು. ಅವಳು ಮದುವೆಯಾಗಿ ಶಿರಾಕ್ಕೆ ಹೋದಳು. ಅಪ್ಪ ಕದರಪ್ಪ ಸತ್ತ ಮೇಲೆ ವಂಶವೃಕ್ಷ ಬರೆಸುವಾಗ ದೊಡ್ಡಪ್ಪ ಹತ್ತು ಜನರ ಮುಂದೆ, ಆ ಹುಡುಗಿ ನಮ್ಮ ಮನೆಯಲ್ಲಿ ಹುಟ್ಟಿದವಳಲ್ಲ, ಎಲ್ಲಿಂದಲೋ ತಂದು ಸಾಕಿಕೊಂಡದ್ದು, ಹುಟ್ಟಿದ್ದಕ್ಕೆ ಕಾಗದ ತೋರಿಸಲಿ ಅಂದುಬಿಟ್ಟ. ದೊಡ್ಡಪ್ಪನ ಎದುರು ಊರಲ್ಲಿ ಯಾರೂ ತುಟಿ ಬಿಚ್ಚಲಿಲ್ಲ.

“ನಂಗೆ ಹದಿನೆಂಟು ವರ್ಷ. ಅವ್ರ ಮನೆ ಅನ್ನ ತಿಂತಿದ್ದೆ. ಅಕ್ಕಯ್ಯ ನನ್ನ ಮುಖಾನೇ ನೋಡ್ತಿದ್ಲು. ನಾನು ಬಾಯ್ಬುಡ್ಲಿಲ್ಲ ಕಣಮ್ಮ,” ಅಂದರು ಗಿರಿಯಪ್ಪ. ಅವಳು ಹೋಗುವಾಗ ಒಂದೇ ಮಾತು ಹೇಳಿದ್ದಳಂತೆ, ಕಾಗದ ಸಿಕ್ಕಿದ ದಿನ ಈ ಊರಿಗೆ ಬರುತ್ತೇನೆ ಎಂದು.

ಆ ವರ್ಷ ಗೌರಿ ಹಬ್ಬಕ್ಕೆ ಇವರು ಬಾಗಿನದ ಜೊತೆ ಕೆಂಪು ರವಿಕೆ ಕಣ ತೆಗೆದುಕೊಂಡು ಶಿರಾಕ್ಕೆ ಹೋದರು. ಅವಳು ಅರಿಶಿನ ಕುಂಕುಮ ಮಾತ್ರ ತೆಗೆದುಕೊಂಡು ಕಣ ವಾಪಸ್ಸು ಕೊಟ್ಟಳು. ಇದು ತವರಿನವರು ಕೊಡುವುದು, ನನಗೆ ತವರೆಲ್ಲಿದೆ ಎಂದಳು. ಪ್ರತಿ ವರ್ಷವೂ ಹೋದರು, ಪ್ರತಿ ವರ್ಷವೂ ಕಣ ವಾಪಸ್ಸು ಬಂತು. ಅದನ್ನೇ ಹರಿದು ಪಟ್ಟಿ ಮಾಡಿ ಇವರು ಊರವರ ಹೆಣ್ಣುಮಕ್ಕಳ ಕಾಗದಕ್ಕೆಲ್ಲ ಕಟ್ಟಿದ್ದರು. ನಾನು ಕತ್ತರಿಸಿ ಸುಟ್ಟಿದ್ದು ಅದನ್ನು.

ಆ ದಿನ ಬಸ್ಸಿನಲ್ಲಿ ಕೊರಟಗೆರೆ ಬಂದದ್ದೇ ನನಗೆ ಗೊತ್ತಾಗಲಿಲ್ಲ, ಮುಂದಿನ ಸ್ಟಾಪಿನಲ್ಲಿ ಇಳಿದು ನಡೆದುಕೊಂಡು ಬಂದೆ. ಬೆಳಿಗ್ಗೆ ಹೋದವಳೇ ಪ್ರೋಗ್ರಾಮಿನಲ್ಲಿ ಹೊಸ ಗುಂಪೊಂದನ್ನು ಮಾಡಿದೆ. ಹೆಸರು, ‘ಮಗಳ ಹೆಸರು ಇದೆ’. ಒಂದು ಕಾಗದ ಎರಡು ಗುಂಪಿನಲ್ಲಿರಬಹುದು ಎಂದು ಬದಲಾಯಿಸಿದೆ. ಗಿರಿಯಪ್ಪನವರನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಒಂದೊಂದೇ ಹಾಳೆ ಪರದೆಯ ಮೇಲೆ ಬರುತ್ತಿತ್ತು. ಅವರು “ಐತೆ” ಅಂದರೆ ಗುರುತು ಹಾಕುತ್ತಿದ್ದೆ, “ಇಲ್ಲ ಬುಡು” ಅಂದರೆ ಬಿಡುತ್ತಿದ್ದೆ. ಹೀಗೆ ನಾಲ್ಕು ತಿಂಗಳು. ಹೊಸ ಕಣ್ಣು, ಸಂಜೆಯಾದರೆ ನೀರು ಸೋರುತ್ತಿತ್ತು. ಸಾಕು ಅಂದರೆ, ಇನ್ನೊಂದು ಹತ್ತು ಹಾಕು ಅನ್ನುತ್ತಿದ್ದರು.

ಆಮೇಲೆ ಆ ಪ್ರೋಗ್ರಾಮು ಕಲಿತುಬಿಟ್ಟಿತು. ಅವರು ‘ಐತೆ’ ಅಂದ ಹಾಳೆಗಳು ಹೇಗಿದ್ದವೋ ಅಂಥವನ್ನೇ ಉಳಿದ ರಾಶಿಯಿಂದ ಹೆಕ್ಕಿ ಆ ಗುಂಪಿಗೆ ತಾನೇ ಹಾಕತೊಡಗಿತು. ಸಂತೆ ಸುಂಕದ ಪುಸ್ತಕದಿಂದ, ಬಡವನಹಳ್ಳಿಯ ಯಾವುದೋ ಬೇಲಿ ಜಗಳದಿಂದ ಹೆಣ್ಣುಮಕ್ಕಳ ಹೆಸರು ಒಂದೊಂದಾಗಿ ಎದ್ದು ಬಂದವು. ಗಿರಿಯಪ್ಪನವರು ಪ್ರತಿ ಹೆಸರನ್ನೂ ಬಾಯಿಬಿಟ್ಟು ಓದುತ್ತಿದ್ದರು. ಅಷ್ಟು ಭಕ್ತಿಯಿಂದ ದೇವಸ್ಥಾನದಲ್ಲೂ ಯಾರೂ ಹೆಸರು ಓದಿದ್ದನ್ನು ನಾನು ಕಂಡಿಲ್ಲ. ಯಾರೂ ಹೇಳದಿದ್ದ ಕೆಲಸವೊಂದನ್ನು ಈ ಮನುಷ್ಯ ಮೂವತ್ತು ವರ್ಷ ಮಾಡಿ, ಈಗ ಅದನ್ನೊಂದು ಯಂತ್ರಕ್ಕೂ ಕಲಿಸಿದರಲ್ಲ ಎಂದು ನನಗೆ ಬೆರಗು.

ಒಂದು ಗುರುವಾರ ಅವರು ಓದುವುದನ್ನು ನಿಲ್ಲಿಸಿದರು. ಪರದೆಯ ಮೇಲಿದ್ದದ್ದು ಕೊಡಿಗೇನಹಳ್ಳಿ ದನದ ದೊಡ್ಡಿಯ ಪುಸ್ತಕ. ಹೊಲಕ್ಕೆ ನುಗ್ಗಿದ ದನಗಳನ್ನು ಕೂಡಿಹಾಕುತ್ತಿದ್ದ ದೊಡ್ಡಿ ಅದು. ದನದ ಪುಸ್ತಕದಲ್ಲಿ ಮನುಷ್ಯರನ್ನು ಯಾರು ಹುಡುಕುತ್ತಾರೆ? ಅವರೂ ಹುಡುಕಿರಲಿಲ್ಲ. ‘ಬಿಳಿ ಕರು ಒಂದು, ಹಣೆಯ ಮೇಲೆ ಕಪ್ಪು ಮಚ್ಚೆ. ಬಿಡಿಸಿಕೊಂಡವರು ಕದರಪ್ಪನ ಮಗಳು ಸಣ್ಣೀರಮ್ಮ, ಎಂಟು ವರ್ಷ.’ ಮೇಲೆ ಅವರ ಊರಿನ ಹೆಸರು, ಕೆಳಗೆ ಪುಟ್ಟ ಹೆಬ್ಬೆಟ್ಟು. ಅದರ ಪಕ್ಕ ಒಂದು ಮಸಿಯ ಕಲೆ. ಪ್ರೋಗ್ರಾಮು ಅದನ್ನು ಕೊಳೆ ಎಂದು ತೋರಿಸುತ್ತಿತ್ತು. ಅಳಿಸಲೇ ಅಂದೆ. ಬೇಡ, ಏನನ್ನೂ ಮುಟ್ಟಬೇಡ ಅಂದರು.

ಪ್ರಿಂಟ್ ತೆಗೆದುಕೊಂಡು ಮಾರನೇ ದಿನ ಶಿರಾಕ್ಕೆ ಹೋದೆವು. ಒಬ್ಬರೇ ಹೋಗಲು ಅವರಿಗೆ ಧೈರ್ಯ ಸಾಲಲಿಲ್ಲ. ಸಣ್ಣೀರಮ್ಮ ಜಗಲಿಯಲ್ಲಿ ಕಡಲೆಕಾಯಿ ಸುಲಿಯುತ್ತಿದ್ದರು. ತಮ್ಮ ಓದುತ್ತಾ ಹೋದಂತೆ ಅವರ ಕೈ ನಿಂತಿತು.

“ಮಚ್ಚೆ ಹಣೆ ಮೇಲಲ್ಲ, ಕಿವಿ ಮೇಲೆ. ತಪ್ಪು ಬರ್ದವ್ನೆ,” ಅಂದರು.

ಆಮೇಲೆ ಕಾಗದ ಇಸಿದುಕೊಂಡು ಹೆಬ್ಬೆಟ್ಟಿನ ಗುರುತಿನ ಪಕ್ಕ ತಮ್ಮ ಹೆಬ್ಬೆರಳು ಇಟ್ಟು ನೋಡಿದರು. ಅಪ್ಪ ಜ್ವರ ಬಂದು ಮಲಗಿದ್ದ, ಕರು ಬಿಡಿಸಲು ತಾನೇ ನಡೆದುಕೊಂಡು ಹೋಗಿದ್ದೆ ಎಂದು ಯಾರಿಗೋ ಹೇಳುವಂತೆ ಹೇಳಿದರು. ಬೆರಳು ಆ ಮಸಿಯ ಕಲೆಯ ಮೇಲೆ ಬಂದು ನಿಂತಿತು.

“ಇದು ನಿನ್ನ ಕಾಲು ಕಣೋ. ನೀನು ಕೂಸು, ನನ್ನ ಸೊಂಟದ ಮೇಲಿದ್ದೆ. ಒದ್ದಾಡಿ ಮಸಿ ಡಬ್ಬಿಗೆ ಕಾಲಿಟ್ಬುಟ್ಟೆ.”

ಗಿರಿಯಪ್ಪನವರು ಜಗಲಿಯ ಕಂಬ ಹಿಡಿದು ಅಳುತ್ತಾ, ಇಷ್ಟು ವರ್ಷ ವಾಪಸ್ಸು ಬಂದ ಕಣಗಳನ್ನೆಲ್ಲ ಹರಿದು ಏನು ಮಾಡಿದೆ ಎಂಬುದನ್ನು ಹೇಳಿದರು. ಅಕ್ಕ ಕೇಳಿಸಿಕೊಂಡು, ಈ ಸಲ ಗೌರಿಗೆ ನೀನು ಬರಬೇಡ, ನಾನೇ ಬರುತ್ತೇನೆ ಅಂದರು.

ಗಿರಿಯಪ್ಪನವರು ಈಗಿಲ್ಲ. ನಿವೃತ್ತಿಯಾದ ಮರುವರ್ಷವೇ ಹೋಗಿಬಿಟ್ಟರು, ಸುದ್ದಿ ನನಗೆ ತಿಳಿದದ್ದು ತಿಥಿಯೆಲ್ಲ ಮುಗಿದ ಮೇಲೆ. ಅವರ ಗುಂಪು ಮಾತ್ರ ಪ್ರೋಗ್ರಾಮಿನಲ್ಲಿ ಹಾಗೇ ಇದೆ, ಈಗಲೂ ತುಂಬುತ್ತಲೇ ಇದೆ. ನಾನು ಅವರನ್ನು ಕಡೆಯ ಸಲ ನೋಡಿದ್ದು, ಅವರು ನಿವೃತ್ತಿಯಾದ ಮೇಲೆ ಬಂದ ಆ ಗೌರಿ ಹಬ್ಬದ ಬೆಳಿಗ್ಗೆ, ಕೊಡಿಗೇನಹಳ್ಳಿಯ ಬಸ್ ನಿಲ್ದಾಣದಲ್ಲಿ. ನನ್ನನ್ನೂ ಊಟಕ್ಕೆ ಕರೆದಿದ್ದರು. ಮೊದಲ ಬಸ್ಸಿನಿಂದಲೂ ಅವರು ಅಲ್ಲೇ ನಿಂತಿದ್ದರಂತೆ. ಜೇಬು ನೋಡಿದೆ, ಚಿಂದಿ ಇರಲಿಲ್ಲ. ಎರಡೂ ಕೈಯಲ್ಲಿ ಮಡಿಸಿದ ಕೆಂಪು ರವಿಕೆ ಕಣ ಹಿಡಿದಿದ್ದರು.

ಶಿರಾ ಕಡೆಯಿಂದ ಹಿಂದೂಪುರಕ್ಕೆ ಹೋಗುವ ಬಸ್ಸು ಬಂದು ನಿಂತಿತು. ಸಣ್ಣೀರಮ್ಮ ಇಳಿದರು. ತಮ್ಮನ ಮುಖಕ್ಕಿಂತ ಮೊದಲು ಅವನ ಕೈ ನೋಡಿದರು.

“ಇದನ್ನ ಹರ್ದಿಲ್ವಾ?”

“ಇಲ್ಲ ಅಕ್ಕಯ್ಯ. ಇದು ಇಡೀದು.”

ಅವರು ಕಣ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ಆಮೇಲೆ ತಮ್ಮನ ಭುಜ ಹಿಡಿದುಕೊಂಡು ಊರಿನ ದಾರಿಯಲ್ಲಿ ಮುಂದೆ ನಡೆದರು.